ಬೆಂಕಿ ಸೋಕದ ಊಟ

ಅಡಿಗೆ ಎಂಬ ಕನ್ನಡ ಶಬ್ದದಲ್ಲಿಯೇ ಬೆಂಕಿ ಅಡಗಿದೆ. ‘ಅಡು’ ಎಂಬ ಧಾತುವಿಗೆ ಬೇಯಿಸು, ಪಾಕಮಾಡು ಎಂದು ಅರ್ಥ. ‘ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು’ ಎಂಬ ಗಾದೆಯಲ್ಲಿ ಆ ಹಳೆಯ ಧಾತು ಇಂದಿಗೂ ಜೀವಂತವಾಗಿದೆ. ಒಲೆ ಉರಿಯದ ಮನೆಯನ್ನು ಮನೆಯೆಂದು ಕರೆಯಲು ಜನ ಹಿಂದೆಗೆಯುತ್ತಾರೆ. ಹೀಗಿರುವಲ್ಲಿ, ಒಲೆಯನ್ನೇ ಹೊತ್ತಿಸದೆ, ಕಾಳನ್ನು ನೆನೆಯಿಟ್ಟು, ಸೊಪ್ಪನ್ನು ಜಜ್ಜಿ, ಹಸಿಯದನ್ನೇ ಉಂಡು ಬಾಳುತ್ತೇನೆಂದು ಹೊರಟವನನ್ನು ಲೋಕವು ಮರುಳನೆಂದು ಕರೆದರೆ ಆಶ್ಚರ್ಯವಿಲ್ಲ. ಹಾಗೆ ಹೊರಟವರಲ್ಲಿ ಮಹಾತ್ಮಾ ಗಾಂಧಿಯವರೂ ಒಬ್ಬರು. ಇಪ್ಪತ್ತಮೂರರ ಹರೆಯದಲ್ಲಿ ಒಮ್ಮೆ, ಐವತ್ತೊಂಬತ್ತರ ಇಳಿವಯಸ್ಸಿನಲ್ಲಿ ಮತ್ತೊಮ್ಮೆ ಅವರು ಈ ಆಹಾರಕ್ರಮವನ್ನು ಹಿಡಿದರು. ಎರಡು ಸಲವೂ ಸ್ವಲ್ಪ ಕಾಲದಲ್ಲಿಯೇ ಬಿಟ್ಟರು. ಮಹಾಪುರುಷರ ಗೆಲುವುಗಳನ್ನು ಮಕ್ಕಳಿಗೆ ಹೇಳುವುದು ವಾಡಿಕೆ. ಆದರೆ ಈ ಎರಡು ಸೋಲುಗಳಲ್ಲಿ ಕಲಿಯುವವರಿಗೂ ಕಲಿಸುವವರಿಗೂ ಒದಗುವ ಪಾಠ ಯಾವ ಗೆಲುವಿನ ಪಾಠಕ್ಕೂ ಕಡಿಮೆಯದಲ್ಲ.

ಮೊದಲ ಪ್ರಯತ್ನದ ಬೀಜ ಬಿದ್ದುದು ಲಂಡನ್ನಿನಲ್ಲಿ. 1888ರಲ್ಲಿ ನ್ಯಾಯಶಾಸ್ತ್ರದ ವ್ಯಾಸಂಗಕ್ಕೆಂದು ಅಲ್ಲಿಗೆ ಹೋದ ತರುಣ ಗಾಂಧಿಯವರು ಅಲ್ಲಿಯ ಸಸ್ಯಾಹಾರಿ ಸಂಘವನ್ನು ಸೇರಿ, ಅದರ ಕಾರ್ಯಕಾರಿ ಸಮಿತಿಯ ಸದಸ್ಯರೂ ಆದರು. ಸಂಘದ ಅಧ್ಯಕ್ಷರು ಹಿಲ್ಸ್ ಎಂಬವರು. ಹಡಗು ಕಟ್ಟುವ ದೊಡ್ಡ ಕಾರಖಾನೆಯ ಒಡೆಯರು. ಸಂಘವು ನಡೆಯುತ್ತಿದ್ದುದು ಬಹುಮಟ್ಟಿಗೆ ಅವರ ಧನಸಹಾಯದಿಂದಲೇ. ಧಾನ್ಯ, ಕಾಳು, ಹಣ್ಣು, ಬೀಜಗಳನ್ನು ಬೆಂಕಿಗೆ ಒಡ್ಡದೆ ತಿಂದರೆ ಅವುಗಳ ಜೀವಶಕ್ತಿಯೆಲ್ಲವೂ ದೇಹಕ್ಕೆ ಸಲ್ಲುವುದೆಂಬುದು ಹಿಲ್ಸರ ಸಿದ್ಧಾಂತ. ಅದಕ್ಕೆ ಅವರು ‘ಜೀವಂತ ಆಹಾರ’ವೆಂಬ ಅರ್ಥದ ಹೆಸರನ್ನಿಟ್ಟಿದ್ದರು. ಗಾಂಧಿಯವರು ಹಿಲ್ಸರ ಅಂಧ ಅನುಯಾಯಿಗಳಾಗಿರಲಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಅಭಿಪ್ರಾಯಭೇದದ ಕಾರಣಕ್ಕಾಗಿ ವೈದ್ಯರೊಬ್ಬರನ್ನು ಸಂಘದಿಂದ ಹೊರಗೆ ಹಾಕುವ ಪ್ರಶ್ನೆ ಬಂದಾಗ, ಆ ವೈದ್ಯರ ಅಭಿಪ್ರಾಯ ತಮಗೂ ಒಪ್ಪಿಗೆಯಿಲ್ಲದಿದ್ದರೂ, ಅವರನ್ನು ಹೊರಹಾಕುವುದು ಅನ್ಯಾಯವೆಂದು ಗಾಂಧಿಯವರು ಹಿಲ್ಸರ ಎದುರು ನಿಂತಿದ್ದರು. ದಾನಿಗಳಲ್ಲಿ ಗೌರವವಿರಿಸಿಕೊಂಡೇ ಭಿನ್ನಮತವನ್ನು ಹೇಳುವ ಧೈರ್ಯ ಆ ನಾಚಿಕೆಯ ತರುಣನಲ್ಲಿ ಆಗಲೇ ಇದ್ದಿತು.

1893ರಲ್ಲಿ ಅವರು ವಕೀಲಿಯ ಕೆಲಸದ ಮೇಲೆ ದಕ್ಷಿಣ ಆಫ್ರಿಕಕ್ಕೆ ಹೋಗಿ ಪ್ರಿಟೋರಿಯಾ ನಗರದಲ್ಲಿ ಒಬ್ಬ ಗೃಹಿಣಿಯ ಮನೆಯಲ್ಲಿ ಊಟವಸತಿಗಳನ್ನು ಮಾಡಿಕೊಂಡಿದ್ದರು. ಇದಕ್ಕೆ ಮೊದಲು ಮುಂಬಯಿಯಲ್ಲಿ ಒಂದು ವಾರ ಹಸಿಯ ಆಹಾರವನ್ನು ಪರೀಕ್ಷಿಸಿ, ಮನೆಗೆ ಬರುವ ಸ್ನೇಹಿತರ ಉಪಚಾರಕ್ಕೆ ತೊಡಕಾಗುವುದೆಂದು ನಿಲ್ಲಿಸಿದ್ದುಂಟು. ಈಗ ಪರವೂರು, ಒಂಟಿ ಬಾಳು, ತಡೆಯುವವರಿಲ್ಲ. ಆಗಸ್ಟ್ 22ರಂದು ಅವರು ಮತ್ತೆ ಪ್ರಾರಂಭಿಸಿ, ಅಂದಿನಿಂದಲೇ ದಿನಚರಿ ಬರೆಯತೊಡಗಿದರು. ಬೆಳಗಿನ ಊಟಕ್ಕೆ ಎರಡು ಚಮಚ ಗೋದಿ, ಒಂದು ಚಮಚ ಬಟಾಣಿ, ಒಂದು ಚಮಚ ಅಕ್ಕಿ, ಎರಡು ಚಮಚ ಒಣದ್ರಾಕ್ಷಿ, ಇಪ್ಪತ್ತರಷ್ಟು ಸಣ್ಣ ಬೀಜಗಳು, ಎರಡು ಕಿತ್ತಳೆ, ಒಂದು ಬಟ್ಟಲು ಕೋಕೋ. ಎಲ್ಲವೂ ಅಳತೆಯ ಸಹಿತ ದಾಖಲಾಗಿದೆ.

ಆ ದಿನಚರಿಯಲ್ಲಿ ಬಣ್ಣದ ಮಾತಿಲ್ಲ. ಮರುದಿನವೇ, ರಾತ್ರಿ ತಿಂದ ಬಟಾಣಿಯಿಂದ ನಿದ್ರೆ ಕೆಟ್ಟಿತೆಂದೂ ಬಾಯಿ ರುಚಿಗೆಟ್ಟಿತೆಂದೂ ಬರೆದಿದ್ದಾರೆ. ಮೂರನೆಯ ದಿನ ಹೊಟ್ಟೆ ಭಾರ. ಬಟಾಣಿಯನ್ನು ಅರ್ಧ ಚಮಚಕ್ಕೆ ಇಳಿಸಿದ್ದಾಯಿತು. ಮುಂದೆ ಅಜೀರ್ಣ, ತಲೆನೋವು, ಬಳಲಿಕೆ. ಸೆಪ್ಟೆಂಬರ್ 1ರಂದು ಏಳುವಾಗಲೇ ಆಯಾಸ, ಹಲ್ಲುಗಳು ನೋಯುತ್ತಿವೆ. ಇನ್ನು ಇದನ್ನು ಬಿಡಲೇಬೇಕೆಂದು ಅಂದೇ ನಿಶ್ಚಯಿಸಿದರು. ಅಂದು ವಕೀಲ ಬೇಕರ್ ಅವರ ಹುಟ್ಟುಹಬ್ಬ. ಅವರಲ್ಲಿ ಹೋಗಿ ಚಹ ಕುಡಿದರು. ಕುಡಿದ ಮೇಲೆ ಹಿತವೆನಿಸಿತು. ಮರುದಿನ ಬೆಳಿಗ್ಗೆ ಗಂಜಿ, ಬ್ರೆಡ್ಡು, ಬೆಣ್ಣೆ, ಜಾಮು, ಕೋಕೋಗಳ ಹಳೆಯ ಊಟಕ್ಕೆ ಮರಳಿ, ಎಷ್ಟೋ ಮೇಲಾಯಿತೆಂದು ಬರೆದು ಲೇಖನಿಯನ್ನು ಕೆಳಗಿಟ್ಟರು. ಹನ್ನೊಂದು ದಿನಗಳಲ್ಲಿ ಜೀವಂತ ಆಹಾರದ ಕಥೆ ಮುಗಿಯಿತು.

ಬಹುಮಂದಿ ಇಲ್ಲಿ ದಿನಚರಿಯನ್ನು ಪೆಟ್ಟಿಗೆಯಡಿ ಹಾಕಿ ಸುಮ್ಮನಾಗುತ್ತಿದ್ದರು. ಗಾಂಧಿಯವರು ಹಾಗೆ ಮಾಡಲಿಲ್ಲ. ಅದನ್ನು ಸಸ್ಯಾಹಾರಿಗಳದೇ ಇಂಗ್ಲಿಷ್ ಪತ್ರಿಕೆಗೆ ಕಳುಹಿಸಿದರು. 1894ರ ಮಾರ್ಚ್ 24ರ ‘ವೆಜಿಟೇರಿಯನ್’ ಸಂಚಿಕೆಯಲ್ಲಿ ಅದು ಅಚ್ಚಾಯಿತು. ಅಧ್ಯಕ್ಷರ ಸಿದ್ಧಾಂತವನ್ನು ಪರೀಕ್ಷಿಸಿ ತಾನು ಸೋತೆನೆಂದು ಅವರ ಬಳಗದವರ ಮುಂದೆಯೇ ಹೇಳಿದಂತಾಯಿತು. ಅಷ್ಟೇ ಪ್ರಾಮಾಣಿಕವಾಗಿ ಮತ್ತೊಂದನ್ನೂ ಹೇಳಿದರು: ಈ ಸೋಲಿನಿಂದ ಸಿದ್ಧಾಂತವೇ ಸುಳ್ಳೆಂದು ತೀರ್ಮಾನಿಸಲಾಗದು, ಹನ್ನೊಂದು ದಿನಗಳ ಅವಧಿ ಯಾವುದಕ್ಕೂ ಸಾಲದು, ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಬೆಂದ ಅನ್ನಕ್ಕೆ ಒಗ್ಗಿದ ಹೊಟ್ಟೆ ಹಸಿಯದನ್ನು ಒಮ್ಮೆಗೇ ಅರಗಿಸಲೆಂದು ಬಯಸುವುದು ಅತಿಯಾಸೆ, ಎಲ್ಲವೂ ತನ್ನ ಕೈಯಲ್ಲಿಲ್ಲದ ಪರರ ಮನೆ ಇಂಥ ಪರೀಕ್ಷೆಗೆ ತಕ್ಕ ಜಾಗವಲ್ಲ, ಕಿತ್ತಳೆಯೊಂದನ್ನುಳಿದು ತಾಜಾ ಹಣ್ಣೂ ಅಲ್ಲಿ ಸಿಕ್ಕಲಿಲ್ಲ. ಸೋತವನು ಸಿದ್ಧಾಂತವನ್ನು ಹಳಿಯಲೂ ಇಲ್ಲ, ತನ್ನ ಸೋಲನ್ನು ಮುಚ್ಚಲೂ ಇಲ್ಲ.

ಮೂವತ್ತಾರು ವರ್ಷಗಳು ಕಳೆದುವು. 1929ರ ವೇಳೆಗೆ ಅವರು ನಾಡಿಗೆಲ್ಲ ಮಹಾತ್ಮರು. ಆ ಬೇಸಗೆಯಲ್ಲಿ ಆಂಧ್ರದ ಪ್ರವಾಸದಲ್ಲಿದ್ದಾಗ, ರಾಜಮಹೇಂದ್ರಿಯಲ್ಲಿ ನಿಸರ್ಗ ಚಿಕಿತ್ಸಾಲಯವನ್ನು ನಡೆಸುತ್ತಿದ್ದ ಸುಂದರಂ ಗೋಪಾಲರಾಯರು ಅವರನ್ನು ಕಂಡರು. ರೋಗವು ತೊಲಗಬೇಕಾದರೆ ಆಹಾರದಿಂದ ಬೆಂಕಿಯನ್ನು ದೂರಮಾಡಬೇಕು, ಮೊಳೆತ ಕಾಳು ಮುದುಕರಿಗೂ ಅರಗುತ್ತದೆ ಎಂಬುದು ರಾಯರ ದೃಢನಂಬಿಕೆ. ಹಂತಹಂತವಾಗಿ ಬದಲಾಯಿಸುವುದು ಬೇಡವೇ ಎಂದು ಗಾಂಧಿಯವರು ಕೇಳಿದರೆ, ಅದರ ಅಗತ್ಯವೇ ಇಲ್ಲವೆಂದು ರಾಯರ ಉತ್ತರ. ತಾವು ಇಲ್ಲಿಯೇ ತೀರಿಕೊಂಡರೆ ಜನ ರಾಯರನ್ನೂ ಅದೇ ಚಿತೆಯ ಮೇಲೆ ಸುಟ್ಟಾರು, ಒಪ್ಪಿಗೆಯೇ ಎಂದು ಗಾಂಧಿಯವರು ನಗೆಯಾಡಿದರು. ರಾಯರು ಅದಕ್ಕೂ ಒಪ್ಪಿದರು! ಅಂದೇ ಪ್ರಾರಂಭವೆಂದು ನಿಶ್ಚಯವಾಗಿ ನೆನೆದ ಗೋದಿಯೂ ಬಂದಿತು. ಆದರೆ ಅದು ಪತಿಯ ಊಟವೆಂದು ಊಹಿಸಲೂ ಆಗದ ಕಸ್ತೂರಬಾ ಅದನ್ನು ಸ್ವಯಂಸೇವಕರಿಗೆ ಹಂಚಿಬಿಟ್ಟರು. ಅವರು ಅದನ್ನು ಮುಗಿಸಿಯೂ ಬಿಟ್ಟರು. ಹೀಗಾಗಿ ಮಹಾತ್ಮರ ಪ್ರಯೋಗ ಒಂದು ದಿನ ತಡವಾಗಿ, ಮೇ 9ರಂದು ಆರಂಭವಾಯಿತು.

ಒಂದು ತಿಂಗಳ ಬಳಿಕ, ಜೂನ್ 13ರ ‘ಯಂಗ್ ಇಂಡಿಯಾ’ದಲ್ಲಿ ಅವರು ಲೆಕ್ಕ ಒಪ್ಪಿಸಿದರು. ದಿನಕ್ಕೆ ಎಂಟು ತೊಲ, ಎಂದರೆ ಸುಮಾರು 93 ಗ್ರಾಂ, ಮೊಳೆತ ಗೋದಿ, ಅಷ್ಟೇ ತೂಕದ ಅರೆದ ಬಾದಾಮಿ, ಅಷ್ಟೇ ತೂಕದ ಜಜ್ಜಿದ ಹಸಿರು ಸೊಪ್ಪು, ಆರು ನಿಂಬೆಹಣ್ಣು, ಎರಡು ಔನ್ಸು ಜೇನು. ವಾರದಲ್ಲಿ ಎರಡು ಮೂರು ದಿನ ಗೋದಿಗೆ ಬದಲಾಗಿ ಮೊಳೆತ ಕಡಲೆ. ಬೆಂಕಿ ಸೋಕಿದ ವಸ್ತುವೆಂದರೆ ನೀರೊಂದೇ. ತೂಕ ಐದು ಪೌಂಡಿಗಿಂತ ಹೆಚ್ಚು ಇಳಿದುದನ್ನು ಬಚ್ಚಿಡಲಿಲ್ಲ. ಕಡೆಯ ಎಂಟು ದಿನಗಳಲ್ಲಿ ಏರುವ ಲಕ್ಷಣ ಕಂಡುದನ್ನೂ ಬಿಡಲಿಲ್ಲ.

ಇದರ ಹಿಂದೆ ಬರಿಯ ಚಪಲವಿರಲಿಲ್ಲ. ಹಾಲಿಗೆ ಸಮನಾದ ಸಸ್ಯಾಹಾರವೊಂದು ಸೃಷ್ಟಿಯಲ್ಲಿ ಇದ್ದೇ ಇರಬೇಕೆಂಬ ಹಂಬಲವಿತ್ತು. ಹೊಗೆಯ ಮುಂದೆ ಬಾಳನ್ನೆಲ್ಲ ಸವೆಸುವ ಹೆಂಗಸರಿಗೆ ಬಿಡುಗಡೆ ದೊರೆಯಲೆಂಬ ಆಸೆಯಿತ್ತು. ಆದರೂ, ಯಾರೂ ಇದನ್ನು ಕುರುಡಾಗಿ ಅನುಕರಿಸಬಾರದು, ಗೆದ್ದೆನೆಂದು ತಾನಿನ್ನೂ ಹೇಳಿಲ್ಲ ಎಂದು ಎಚ್ಚರಿಸಿ, ವೈದ್ಯರ ಅಭಿಪ್ರಾಯವನ್ನು ಅವರು ಬೇಡಿದರು. ಹಿರಿಯರು ಹಾಕಿದ ಹೆಜ್ಜೆಯಲ್ಲಿ ಕಿರಿಯರು ಕಾಲಿಡುತ್ತಾರೆ. ಆಶ್ರಮದಲ್ಲಿಯೂ ಹಲವರು ಆಗಲೇ ಒಲೆಯನ್ನು ಬಿಟ್ಟು ಅವರ ಜೊತೆಗೂಡಿದ್ದರು. ಆಗಸ್ಟ್ ತಿಂಗಳಿನಲ್ಲಿ ಗಾಂಧಿಯವರಿಗೆ ಆಮಶಂಕೆ ತಗುಲಿತು. ಮತ್ತೆ ಆಡಿನ ಹಾಲು, ಮೊಸರುಗಳಿಗೆ ಮರಳಬೇಕಾಯಿತು. ಪ್ರಾರಂಭವನ್ನು ಸಾರಿದ ಪತ್ರಿಕೆಯಲ್ಲಿಯೇ ಮುಕ್ತಾಯವನ್ನೂ ಸಾರಿದರು.

ಆಡಿನ ಹಾಲಿನ ಹಿಂದೆ ಬೇರೊಂದು ನೋವಿನ ಕಥೆಯುಂಟು. 1912ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಅವರು ಹಾಲನ್ನು ತ್ಯಜಿಸುವ ವ್ರತವನ್ನು ತೊಟ್ಟಿದ್ದರು. 1918ರಲ್ಲಿ ಬಂದ ಆಮಶಂಕೆಯಿಂದ ಸಾವಿನ ಬಾಗಿಲವರೆಗೂ ಹೋಗಿ ಬಂದು, ಮೈ ಚೇತರಿಸದಿರಲು, ವ್ರತ ಆಕಳು ಎಮ್ಮೆಗಳ ಹಾಲಿಗಲ್ಲವೇ, ಆಡಿನ ಹಾಲಿಗೇನು ಅಡ್ಡಿಯೆಂದು ಕಸ್ತೂರಬಾ ಸೂಚಿಸಿದರು. ಅವರು ಅದಕ್ಕೆ ಮಣಿದರು. ವ್ರತದ ಅಕ್ಷರ ಉಳಿಯಿತು, ಅರ್ಥ ಉಳಿಯಲಿಲ್ಲವೆಂಬ ಕೊರಗನ್ನು ಆತ್ಮಕಥೆಯಲ್ಲಿ ಬಿಚ್ಚುಮನಸ್ಸಿನಿಂದ ತೋಡಿಕೊಂಡಿದ್ದಾರೆ. ಅದೇ ಗಾಂಧಿಯವರು ಹಸಿಯ ಆಹಾರವನ್ನು ಬಿಟ್ಟಾಗ ಅಂಥ ಕೊರಗು ಕಾಣದು. ಕಾರಣ ಸ್ಪಷ್ಟ. ಹಾಲನ್ನು ಬಿಟ್ಟುದು ವ್ರತ. ಒಲೆಯನ್ನು ಬಿಟ್ಟುದು ಪ್ರಯೋಗ. ವ್ರತವು ಮನಸ್ಸಿನ ಕಟ್ಟು. ಮುರಿದರೆ ಮನಸ್ಸು ನೋಯುತ್ತದೆ. ಪ್ರಯೋಗವು ಸತ್ಯಕ್ಕೆ ಕೇಳಿದ ಪ್ರಶ್ನೆ. ‘ಅಲ್ಲ’ ಎಂಬುದೂ ಅದಕ್ಕೊಂದು ಉತ್ತರ. ಅವರ ಆತ್ಮಕಥೆ ಗುಜರಾತಿಯಲ್ಲಿ ಕಂತುಕಂತಾಗಿ ಬಂದು ಮುಗಿದುದೂ ಆ 1929ರಲ್ಲಿಯೇ. ಅದರ ಹೆಸರಿನಲ್ಲಿ ಅವರು ಇರಿಸಿದ ಶಬ್ದವೂ ‘ಪ್ರಯೋಗ’ವೇ. ವೈಯಾಕರಣರಿಗೂ ಪ್ರಯೋಗವೇ ಶರಣು; ಬಳಕೆಯಲ್ಲಿ ನಿಲ್ಲದ ಸೂತ್ರವನ್ನು ಅವರು ತಿದ್ದುತ್ತಾರೆಯೇ ಹೊರತು ಜನರ ನಾಲಗೆಯನ್ನಲ್ಲ.

ಅಂದಿನ ಸೋಲಿನ ಕಾರಣಗಳಲ್ಲಿ ಕೆಲವು ಇಂದು ನಿಚ್ಚಳವಾಗಿವೆ. ಧಾನ್ಯದ ಪಿಷ್ಟವು ನೀರಿನಲ್ಲಿ ಬೆಂದು ಉಬ್ಬಿದಾಗ ಜೀರ್ಣರಸಕ್ಕೆ ಸುಲಭವಾಗಿ ವಶವಾಗುತ್ತದೆ. ಹಸಿಯ ಕಾಳುಗಳಲ್ಲಿ ಪ್ರೋಟೀನು ಅರಗದಂತೆ ತಡೆಯುವ ದ್ರವ್ಯಗಳಿವೆ. ಬೇಯಿಸಿದರೆ ಅವುಗಳ ಬಲ ಬಹುಪಾಲು ಉಡುಗುತ್ತದೆ. ಮೊಳಕೆ ಬರಿಸಿದರೆ ಸಿ ಜೀವಸತ್ವ ಹೆಚ್ಚುವುದು ನಿಜ. ಆದರೆ ಮೊಳಕೆಗೆ ಹಿತವಾದ ತೇವವೂ ಬೆಚ್ಚನೆಯೂ ರೋಗಾಣುಗಳಿಗೂ ಹಿತವೇ. 1948ರಲ್ಲಿ ಬೇರ್ಪಡಿಸಿದ ಬಿ12 ಜೀವಸತ್ವವು ಸಸ್ಯಾಹಾರಿಗಳಿಗೆ ಮುಖ್ಯವಾಗಿ ಹಾಲು ಮೊಸರುಗಳಿಂದಲೇ ದೊರೆಯಬೇಕು. ಕನ್ನಡ ನಾಡಿನ ಅಡಿಗೆಮನೆ ಈ ಶಾಸ್ತ್ರವನ್ನು ಓದದೆಯೇ ಮಧ್ಯಮಾರ್ಗವನ್ನು ಹಿಡಿದಿದೆ. ಬೆಂದ ಜೋಳದ ರೊಟ್ಟಿಯ ಪಕ್ಕದಲ್ಲಿ ಹಸಿಯ ಮೆಂತ್ಯದ ಸೊಪ್ಪು, ಉಳ್ಳಾಗಡ್ಡಿ, ಸವತೆಕಾಯಿ, ಅನ್ನದ ಎಲೆಯ ತುದಿಗೆ ನೆನೆದ ಹೆಸರುಬೇಳೆಯ ಕೋಸಂಬರಿ, ಕಡೆಗೆ ಮಜ್ಜಿಗೆ.

ಶಾಲೆಯಲ್ಲಿ ವಿಜ್ಞಾನದ ಪ್ರಯೋಗವನ್ನು ಮಾಡುವ ಹುಡುಗ, ಪುಸ್ತಕದಲ್ಲಿರುವ ಉತ್ತರ ತನಗೆ ಬಾರದಿದ್ದರೆ, ಪಕ್ಕದವನ ಪುಸ್ತಕವನ್ನು ನೋಡಿ ಅಂಕೆಗಳನ್ನು ತಿದ್ದಿಕೊಳ್ಳುವುದುಂಟು. ಬಂದುದನ್ನು ಬಂದಂತೆ ಬರೆದರೆ ಅಂಕ ಹೋದೀತೆಂದು ಅವನಿಗೆ ಭಯ. ಆ ಭಯವನ್ನು ಕಳೆಯುವುದು ಗುರುವಿನ ಕೆಲಸ. ಅಂಥ ಹುಡುಗನಿಗೆ ಪ್ರಿಟೋರಿಯಾದ ಹನ್ನೊಂದು ದಿನಗಳ ದಿನಚರಿಯನ್ನು ಹೇಳಬೇಕು. ಕಾಳಿನ ಚಮಚವನ್ನೂ ಹಲ್ಲಿನ ನೋವನ್ನೂ ಒಂದೇ ಶ್ರದ್ಧೆಯಿಂದ ಬರೆದಿಟ್ಟ ಆ ತರುಣನೇ ಮುಂದೆ ಒಂದು ರಾಷ್ಟ್ರದ ಮುಂದೆ ನಿಂತು ತನ್ನ ತಪ್ಪನ್ನು ತಪ್ಪೆಂದು ಒಪ್ಪಿಕೊಳ್ಳಬಲ್ಲವನಾದ. ಕೆಟ್ಟ ಮೇಲೆ ಬುದ್ಧಿ ಬಂತೆಂದು ಗಾದೆ ಹಂಗಿಸುತ್ತದೆ. ಆದರೆ ಬಂದ ಬುದ್ಧಿಯನ್ನು ಬಚ್ಚಿಡದೆ ನಾಲ್ಕು ಜನರಿಗೆ ಹಂಚಿದರೆ, ಒಬ್ಬನು ಕೆಟ್ಟುದರಿಂದ ಹತ್ತು ಮಂದಿ ಕೆಡದೆ ಉಳಿದಾರು.