ಜಾರುಬಂಡೆಯ ಸಂತೆಯಲ್ಲಿ

ಕನ್ನಡ ಎಂ.ಎ. ಮಾಡಿದವನು ಬಟ್ಟೆಯಂಗಡಿಯಲ್ಲಿ ಕುಳಿತರೆ ಏನಾದೀತೆಂಬುದನ್ನು ನಾನು ಊಹಿಸಿದ್ದೆನೇ ಹೊರತು ಅನುಭವಿಸಿರಲಿಲ್ಲ. 2023ರ ಆಗಸ್ಟ್ ತಿಂಗಳಿನಲ್ಲಿ ಆ ಯೋಗವೂ ಕೂಡಿಬಂದಿತು. ಅದೂ ಅಮೆರಿಕೆಯ ಒಂದು ಹುಲ್ಲುಗಾವಲಿನಲ್ಲಿ, ಪಂಚೆಯುಟ್ಟು, ತಲೆಗೆ ರುಮಾಲು ಸುತ್ತಿ, ಸಾವಿರಾರು ರಾಜರಾಣಿಯರ ನಡುವೆ!

ನನ್ನ ಅಕ್ಕ ಭಾವಂದಿರು ಪೆನ್ಸಿಲ್ವೇನಿಯಾ ರಾಜ್ಯದ ಪಿಟ್ಸ್‌ಬರ್ಗಿನಲ್ಲಿದ್ದಾರೆ. ಇದ್ದಬದ್ದ ರಜೆಯನ್ನೆಲ್ಲ ಒಟ್ಟುಗೂಡಿಸಿಕೊಂಡು ನಾನು ಅಲ್ಲಿಗೆ ಹೋದಾಗ ಭಾವನವರು ಬೆನ್ನುನೋವಿನಿಂದ ಮಲಗಿದ್ದರು. ಅಕ್ಕ ಪ್ರತಿ ಬೇಸಿಗೆಯಲ್ಲಿ ಒಂದು ಜಾತ್ರೆಯಲ್ಲಿ ಬಟ್ಟೆಯ ಮಳಿಗೆ ಹಾಕುವವಳು. “ಈ ಸಲ ನೀನೇ ಬಾರೋ, ಗಜಕಡ್ಡಿ ಹಿಡಿಯೋಕಾದ್ರೂ ಬರುತ್ತೋ ಇಲ್ವೋ?” ಎಂದಳು. ಇಲ್ಲವೆನ್ನಲು ಮನಸ್ಸಾಗಲಿಲ್ಲ.

ಪಿಟ್ಸ್‌ಬರ್ಗಿನಿಂದ ಉತ್ತರಕ್ಕೆ ಕಾರಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಸ್ಲಿಪರಿ ರಾಕ್ ಎಂಬ ಊರು. ನಮ್ಮ ಮಾತಿನಲ್ಲಿ ಜಾರುಬಂಡೆ. ಅದರ ಸಮೀಪದ ಕೂಪರ್ಸ್ ಲೇಕ್ ಎಂಬ ಬಯಲಿನಲ್ಲಿ ಎರಡು ವಾರಗಳಿಗೂ ಮೀರಿ ನಡೆಯುವ ಈ ಮೇಳಕ್ಕೆ ‘ಪೆನ್ಸಿಕ್ ಯುದ್ಧ’ವೆಂದು ಹೆಸರು. ರೋಮಿನವರ ಪ್ಯೂನಿಕ್ ಯುದ್ಧದ ಹೆಸರನ್ನೂ ಪೆನ್ಸಿಲ್ವೇನಿಯಾವನ್ನೂ ಬೆರೆಸಿ ಯಾರೋ ಮಾಡಿದ ವಿನೋದವಿದು. 1966ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಒಂದು ಮನೆಯ ಹಿತ್ತಲಲ್ಲಿ ಕೆಲವರು ಮಧ್ಯಯುಗದ ವೇಷ ತೊಟ್ಟು ಕಾಳಗದ ಔತಣ ನಡೆಸಿದರಂತೆ. ಆ ಹಿತ್ತಲಿನ ಆಟವೇ ‘ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರನಿಸಂ’ ಎಂಬ ದೊಡ್ಡ ಸಂಸ್ಥೆಯಾಗಿ ಬೆಳೆದು, ತನ್ನೊಳಗೇ ರಾಜ್ಯಗಳನ್ನು ಕಟ್ಟಿಕೊಂಡಿತು. 1972ರಲ್ಲಿ ಮೂಡಣ ರಾಜ್ಯಕ್ಕೂ ನಡುನಾಡಿಗೂ ಮೊದಲ ಪೆನ್ಸಿಕ್ ಯುದ್ಧವಾಯಿತು. 2020 ಮತ್ತು 2021ರಲ್ಲಿ ಸಾಂಕ್ರಾಮಿಕದಿಂದ ನಿಂತಿದ್ದು, ನಾನು ಕಂಡದ್ದು 50ನೆಯದು. ಸೋತವರ ಪಾಲಿಗೆ ಪಿಟ್ಸ್‌ಬರ್ಗ್ ಎಂಬುದು ಅಲ್ಲಿಯ ಹಳೆಯ ಹಾಸ್ಯ. ಅಕ್ಕನಿಗೆ ಮಾತ್ರ ಈ ಹಾಸ್ಯ ಇಂದಿಗೂ ಹಿಡಿಸಿಲ್ಲ.

ಬರುವವರು ಹತ್ತು ಸಾವಿರಕ್ಕೂ ಮೇಲ್ಪಟ್ಟ ಜನ. ಹದಿನೇಳನೆಯ ಶತಮಾನಕ್ಕೆ ಹಿಂದಿನ ಉಡುಪನ್ನು ಯಥಾಶಕ್ತಿ ತೊಡಬೇಕೆಂಬುದು ನಿಯಮ. ಪ್ರತಿಯೊಬ್ಬರೂ ಆ ಕಾಲದ್ದೊಂದು ಹೆಸರನ್ನೂ ಕಸುಬನ್ನೂ ಧರಿಸುತ್ತಾರೆ. ನಾನು ಯಾರೆಂದು ನೆರೆಯ ಮಳಿಗೆಯವನು ಕೇಳಿದಾಗ ನನಗೆ ಚಿಂತೆಯಾಗಲಿಲ್ಲ. ಐಹೊಳೆಯನ್ನು ಮೂಲಸ್ಥಾನವೆಂದು ಹೇಳಿಕೊಂಡು ದೇಶದೇಶಗಳಲ್ಲಿ ವ್ಯಾಪಾರ ಮಾಡಿದ ಅಯ್ಯಾವೊಳೆಯ ಐನೂರ್ವರ ವಿಷಯವನ್ನು ವರ್ಷವರ್ಷವೂ ತರಗತಿಯಲ್ಲಿ ಹೇಳುವವನು ನಾನು. ಅವರಲ್ಲಿ ಒಬ್ಬನೆಂದುಬಿಟ್ಟೆ! ‘ವೀರಬಣಂಜು ಧರ್ಮ’ವನ್ನು ಪಾಲಿಸುವವರೆಂದು ಶಾಸನಗಳಲ್ಲಿ ಅವರು ತಮ್ಮನ್ನು ಹೊಗಳಿಕೊಂಡುದನ್ನೂ ವಿವರಿಸಿದೆ. ಆತ ತಲೆದೂಗಿದ. ಅಕ್ಕ ಒಳಗಿನಿಂದ, “ಏನೋ, ಪಾಠ ಹೇಳ್ತೀಯೋ, ಬಟ್ಟೆ ಮಾರ್ತೀಯೋ?” ಎಂದಳು.

ಮಾರುವುದು ಸುಲಭವಾಗಿರಲಿಲ್ಲ. ಬೆಳಿಗ್ಗೆ ಡೇರೆಯ ಪರದೆ ಎತ್ತಿ ಇಬ್ಬನಿ ಕೊಡವಬೇಕು. ಥಾನುಗಳನ್ನು ಬಿಸಿಲಿಗೆ ಬಣ್ಣ ಮಾಸದಂತೆ ಹರಡಬೇಕು. ಕಾರ್ಡು ತಾಗಿಸಿ ಹಣ ಪಡೆಯುವ ಯಂತ್ರವನ್ನು ಮರದ ಪೆಟ್ಟಿಗೆಯೊಳಗೆ ಅಡಗಿಸಬೇಕು. ಗಿರಾಕಿಗಳಾದರೋ ಬಲು ತಿಳಿದವರು. ಗುಜರಾತಿನ ಅಚ್ಚಿನ ಹತ್ತಿಬಟ್ಟೆ ಮಧ್ಯಯುಗದಲ್ಲಿಯೇ ಈಜಿಪ್ಟಿಗೆ ಹೋಗುತ್ತಿದ್ದುದನ್ನೂ, ಅದರ ತುಂಡುಗಳು ಕೈರೋ ಬಳಿಯ ಫುಸ್ತಾತಿನಲ್ಲಿ ದೊರೆತುದನ್ನೂ ಒಬ್ಬ ಮುದುಕಿ ನನಗೇ ಹೇಳಿಕೊಟ್ಟಳು. ಮರದಚ್ಚಿನ ಬಟ್ಟೆಯನ್ನು ಗುರುತಿಸುವ ಬಗೆಯನ್ನು ಮೊದಲ ದಿನವೇ ಅಕ್ಕ ಕಲಿಸಿದ್ದಳು: ಅಚ್ಚಿಗೆ ಅಚ್ಚು ಸೇರುವೆಡೆ ಕೂದಲೆಳೆಯಷ್ಟು ತಪ್ಪಿರುತ್ತದೆ, ಬಣ್ಣ ಹಿಂಬದಿಗೂ ಇಳಿದಿರುತ್ತದೆ. ಇವೆರಡೂ ಇಲ್ಲದಿದ್ದರೆ ಸಂಶಯಪಡಬೇಕು.

ಎರಡನೆಯ ವಾರ ಒಂದೂವರೆ ದಿನ ಬಿಡದೆ ಮಳೆ ಹೊಯ್ಯಿತು. ಡೇರೆಯ ನೆತ್ತಿಯಲ್ಲಿ ನಿಂತ ನೀರನ್ನು ಕೋಲಿನಿಂದ ನೂಕುತ್ತ ರಾತ್ರಿಯೆಲ್ಲ ಎಚ್ಚರವಿದ್ದೆವು. ದಾರಿಯೆಲ್ಲ ಕೆಸರು. ಬೋಣಿಯೂ ಆಗಲಿಲ್ಲ. ಸ್ಥಳದ ಬಾಡಿಗೆ ಇನ್ನೂ ಹುಟ್ಟಿರಲಿಲ್ಲ. ಮಳೆ ನಿಂತ ಮೇಲೆ ಒದ್ದೆಯಾದ ಥಾನುಗಳನ್ನು ಹಗ್ಗಕ್ಕೆ ಹರವುತ್ತಿದ್ದಾಗ ಒಂದು ನೀಲಿ ಥಾನಿನ ಮೇಲೆ ನನ್ನ ಕಣ್ಣು ನಿಂತಿತು. ಹೂವಿಗೆ ಹೂವು ಒಂದಿಷ್ಟೂ ವ್ಯತ್ಯಾಸವಿಲ್ಲ. ಹಿಂಬದಿ ಬಹುಮಟ್ಟಿಗೆ ಬಿಳಿ. ಅದರ ಚೀಟಿಯಲ್ಲಿ ಅಕ್ಕನ ಅಕ್ಷರ: ಮರದಚ್ಚು, ಗಜಕ್ಕೆ 18 ಡಾಲರು.

ಅಕ್ಕ ನೋಡಿದಳು. ಮುಖ ಸಣ್ಣದಾಯಿತು. ಆ ಥಾನಿನಲ್ಲಿ 12 ಗಜವನ್ನು ಹಳೆಯ ಗಿರಾಕಿಯೊಬ್ಬಳು ತೆಗೆದಿರಿಸಲು ಹೇಳಿದ್ದಳು, ಮರುದಿನ ಬರುವವಳಿದ್ದಳು. “ನನಗೆ ಕೊಟ್ಟೋನು ಹಾಗಂತಾನೇ ಕೊಟ್ಟ. ಅವಳು ಕೇಳಿದ್ರೆ ನೋಡೋಣ. ನಾವಾಗಿ ಯಾಕೆ ಹೇಳ್ಬೇಕು?” ಎಂದಳು. ನಾನೂ ಹೂಂಗುಟ್ಟಿದೆ. ಬಾಡಿಗೆಯ ಲೆಕ್ಕ ನನಗೂ ಗೊತ್ತಿತ್ತು.

ಮರುದಿನ ಬೆಳಿಗ್ಗೆ, “ಹೋಗಿ ಯುದ್ಧವಾದರೂ ನೋಡ್ಕೊಂಡು ಬಾ” ಎಂದು ಅಕ್ಕ ಕಳುಹಿಸಿದಳು. ನೂರಾರು ಯೋಧರು ಕವಚ ತೊಟ್ಟು ಹೋರಾಡುವ ಆ ನೋಟ ಭಯಂಕರವೇ ಸರಿ. ಕತ್ತಿಗಳು ಬೆತ್ತದವು, ಹೊಡೆತ ಮಾತ್ರ ನಿಜ. ಆದರೆ ನನ್ನನ್ನು ಬೆರಗುಗೊಳಿಸಿದುದು ಬೇರೊಂದು. ಸುತ್ತ ನಿಂತ ಮೇಲ್ವಿಚಾರಕರು ನೋಡುವುದು ಅಪಾಯವಾಗದಂತೆ. ಪೆಟ್ಟು ಸರಿಯಾಗಿ ಬಿದ್ದಿತೋ ಇಲ್ಲವೋ ಎಂಬುದನ್ನು ಹೇಳಬೇಕಾದವನು ಪೆಟ್ಟು ತಿಂದವನೇ. ಆನೆಯಂತಹ ಒಬ್ಬಾತ ನಾಲ್ವರನ್ನು ಕೆಡವಿ ಮುನ್ನುಗ್ಗುತ್ತಿದ್ದ. ಪಕ್ಕದಿಂದ ಒಬ್ಬ ಸಣ್ಣಾಳಿನ ಬೆತ್ತ ಅವನ ಪಕ್ಕೆಗೆ ತಾಗಿತು. ಆ ಗದ್ದಲದಲ್ಲಿ ಬೇರೆ ಯಾರ ಗಮನಕ್ಕೂ ಅದು ಬಂದಂತಿರಲಿಲ್ಲ. ಆತ ಕೈಯೆತ್ತಿ, ತಾನಾಗಿಯೇ ಕೆಸರಿನಲ್ಲಿ ಬಿದ್ದುಕೊಂಡ.

ಬಂದು ಅಕ್ಕನಿಗೆ ಹೇಳಿದೆ. ಅವಳು ಬಟ್ಟೆ ಮಡಿಸುತ್ತಿದ್ದಳು; ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಿಗೆ ಆ ಗಿರಾಕಿ ಬಂದಳು. ನಾನು ಥಾನು ಬಿಚ್ಚಿ, 12 ಗಜ ಅಳೆದು, ಕತ್ತರಿ ಕೈಗೆತ್ತಿಕೊಂಡೆ.

“ತಡಿ” ಎಂದಳು ಅಕ್ಕ. ಬಟ್ಟೆಯನ್ನು ತಿರುವಿ ಹಿಂಬದಿಯನ್ನು ಆಕೆಯ ಮುಂದೆ ಹರಡಿ, ಇದು ಯಂತ್ರದ ಅಚ್ಚು, ತಾನು ಮೋಸಹೋದೆ, ಬೆಲೆ 7 ಡಾಲರು ಎಂದು ನೇರವಾಗಿ ಹೇಳಿದಳು. ಆಕೆ ಬೆರಳಿನಿಂದ ಬಟ್ಟೆಯನ್ನು ಸವರಿ ಕೆಲಕಾಲ ಯೋಚಿಸಿದಳು. ಕೊನೆಗೆ 4 ಗಜ ಕೊಂಡು, 28 ಡಾಲರು ಕೊಟ್ಟು, ವಂದಿಸಿ ಹೊರಟುಹೋದಳು. ಬರಬೇಕಾಗಿದ್ದುದು 216.

“ನನ್ನ ಕಥೆ ಕೇಳಿ ಹೇಳಿದೆಯಾ ಅಕ್ಕ?” ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

“ನಿನ್ನ ಕಥೆಗಲ್ಲ ಕಣೋ. ಎಷ್ಟೋ ವರ್ಷದಿಂದ ಬರ್ತಾಳೆ. ಒಂದು ದಿನವೂ ಹಿಂಬದಿ ತಿರುಗಿಸಿ ನೋಡಿದವಳಲ್ಲ.”

ಮೇಳದಲ್ಲಿ ಒಂದು ರಾತ್ರಿ ಅಂಗಡಿಗಳೆಲ್ಲ ನಡುರಾತ್ರಿಯವರೆಗೆ ತೆರೆದಿರುತ್ತವೆ. ಆ ರಾತ್ರಿ ದೀಪಗಳ ನಡುವೆ ಜನ ತೇರಿನ ಬೀದಿಯಂತೆ ಹರಿದರು. ಬಾಡಿಗೆ ಹುಟ್ಟಿತು; ಲಾಭವೆನ್ನುವಂಥದೇನೂ ಉಳಿಯಲಿಲ್ಲ. ಕೊನೆಯ ದಿನ ಡೇರೆ ಬಿಚ್ಚಿ ಗಂಟುಮೂಟೆ ಕಟ್ಟುವಾಗ ನೀಲಿ ಥಾನು ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಹಳೆಯ ಚೀಟಿಯನ್ನು ಕಿತ್ತು, ‘ಯಂತ್ರದಚ್ಚು’ ಎಂದು ನಾನೇ ಬರೆದು ಸಿಕ್ಕಿಸಿದೆ.

ಐನೂರ್ವರ ಆ ಧರ್ಮದ ಮಾತನ್ನು ಇಷ್ಟು ವರ್ಷ ಶಾಸನಕವಿಯ ಅತ್ಯುಕ್ತಿಯೆಂದೇ ಹುಡುಗರಿಗೆ ಹೇಳುತ್ತಿದ್ದೆ. ಈಗ ಆ ಸಾಲು ಬಂದಾಗ ಸ್ವಲ್ಪ ತಡೆದು ಮುಂದೆ ಹೋಗುತ್ತೇನೆ. ಅದರ ಬೆಲೆ ನನಗೆ ತಿಳಿದಿದೆ: 188 ಡಾಲರು, ನನ್ನ ಅಕ್ಕನ ಗಲ್ಲಾಪೆಟ್ಟಿಗೆಯಿಂದ.