ಹಗ್ಗ ಹಿಡ್ಕಳಿ ಸ್ವಾಮಿ!

ತೂಬಗೆರೆ ದಾಟಿ ಘಾಟಿ ಸುಬ್ರಹ್ಮಣ್ಯದ ದಾರಿಯಲ್ಲಿದ್ದೀರಿ. ಹೊತ್ತು ಇನ್ನೂ ಸರಿಯಾಗಿ ಹುಟ್ಟಿಲ್ಲ. ನಂದಿಬೆಟ್ಟದ ಕಡೆಯ ಚಳಿಗಾಳಿಗೆ ಬೆರಳು ಮರಗಟ್ಟಿ, ಕ್ಯಾಮೆರಾದ ಗುಂಡಿ ಎಲ್ಲಿದೆಯೆಂದೇ ತಿಳಿಯುತ್ತಿಲ್ಲ. ಜಾತ್ರೆ ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ಬಡಿಯುತ್ತದೆ: ಹಸಿ ಸಗಣಿ, ಇಬ್ಬನಿಗೆ ನೆನೆದ ರಾಗಿಹುಲ್ಲು, ಬೀಡಿ ಹೊಗೆ, ಎಲ್ಲೋ ಬೇಯುತ್ತಿರುವ ಹುರುಳಿ. ಆಮೇಲೆ ಕೊರಳಗಂಟೆಗಳು.

ಪುಷ್ಯ ಶುದ್ಧ ಷಷ್ಠಿಯ ಬ್ರಹ್ಮರಥೋತ್ಸವಕ್ಕೆ ಮುಂಚೆ ಇಲ್ಲಿ ದನಗಳ ಜಾತ್ರೆ ಸೇರುತ್ತದೆ. ಹಳ್ಳಿಕಾರ್ ತಳಿಯ ಎತ್ತಿನ ಜೋಡಿಗಳದೇ ದರ್ಬಾರು. ಶಾಮಿಯಾನದಡಿ ನಿಂತವಕ್ಕೆ ಬೆಲೆ ಲಕ್ಷಗಳಲ್ಲಿ, ಮುಂದೆ ಮೊಬೈಲ್ ಹಿಡಿದವರ ಸಾಲು. ಅಲ್ಲಿ ನಿಮಗೇನು ಕೆಲಸ? ಪಕ್ಕದಲ್ಲಿ ಇಬ್ಬರು ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಕುದುರಿಸುತ್ತಿದ್ದಾರೆ. ಕ್ಲಿಕ್ಕಿಸುತ್ತೀರಿ. ಮುಖದಲ್ಲಿ ಏನೂ ಇಲ್ಲ, ವ್ಯಾಪಾರವೆಲ್ಲ ಬಟ್ಟೆಯೊಳಗೆ.

ಅಂಚಿನ ಹುಣಸೆಮರದ ಕೆಳಗೆ ಟಣ್ ಟಣ್. ಲಾಳ ಕಟ್ಟುವವನು. ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ (1923–2009) ತೆಗೆದ ಸಾಮಾನ್ಯರ ಚಿತ್ರಗಳನ್ನು ನೋಡುತ್ತ ಬೆಳೆದವರಿಗೆ ಕಾಲು ತಾನಾಗಿ ಇತ್ತಲೇ ತಿರುಗುತ್ತದೆ. ಈ ಲಾಳದವನ ತಾತನದೂ ಇದೇ ಕಸುಬು, ಅಪ್ಪನದೂ ಇದೇ. ಮಗ ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿ ಓಡಿಸುತ್ತಾನೆ. ‘ಟ್ರ್ಯಾಕ್ಟರಿಗೆ ಯಾರ್ ಲಾಳ ಕಟ್ಟಿಸ್ತಾರೆ?’ ಅನ್ನುತ್ತಾನೆ ಲಾಳದವನು, ನಗುತ್ತಲೇ. ಎತ್ತಿನ ಗೊರಸು ಸೀಳು. ಹಾಗಾಗಿ ಕಾಲಿಗೆರಡು ಲಾಳ, ಒಟ್ಟು ಎಂಟು. ಡಾಂಬರು ರಸ್ತೆಯಲ್ಲಿ ಗಾಡಿ ಎಳೆಯುವ ಎತ್ತಿಗೆ ಇವಿಲ್ಲದೆ ಗೊರಸು ಉಳಿಯದು.

ಈಗ ಎತ್ತನ್ನು ಕೆಡವಬೇಕು. ಮೈಗೆ ಹಗ್ಗ ಬಳಸಿ ಎಳೆಯುತ್ತಾರೆ. ದೊಡ್ಡ ಮೈ ಒಂದು ಗಳಿಗೆ ಹಟ ಹಿಡಿದು, ಧಡ್ಡನೆ ನೆಲಕ್ಕೆ. ಅಂಗಾಲಿಗೇ ಆ ಅದುರು ತಾಕುತ್ತದೆ. ಮಂಡಿಯೂರಿ ಚೌಕಟ್ಟು ಕಟ್ಟುತ್ತೀರಿ: ಧೂಳಿನಲ್ಲಿ ಬೆಳಕಿನ ಕೋಲು, ಬಿಳಿಚಿದ ಕಣ್ಣು, ಬಾಯಂಚಿನ ನೊರೆ. ಇಂಥ ಚಿತ್ರ ಮತ್ತೆ ಸಿಗುವುದಿಲ್ಲ.

ಅಷ್ಟರಲ್ಲಿ ಹಗ್ಗ ಹಿಡಿದ ಹುಡುಗ ಜಾರುತ್ತಾನೆ. ಹಿಂಗಾಲು ಬಿಡಿಸಿಕೊಳ್ಳುತ್ತದೆ. ಕೊಂಬು ಗಾಳಿ ಸೀಳುತ್ತದೆ.

‘ಹಗ್ಗ ಹಿಡ್ಕಳಿ ಸ್ವಾಮಿ!’

ಬೆರಳು ಗುಂಡಿಯ ಮೇಲಿದೆ. ಒತ್ತಿದರೆ ಮುಗಿಯಿತು. ಲಾಳದವನ ತಲೆ ಆ ಗೊರಸಿಗೆ ಗೇಣಳತೆಯಲ್ಲಿದೆ. ಕ್ಯಾಮೆರಾ ಎದೆಗೆ ಬಡಿಯುತ್ತದೆ, ಕೈಗೆ ಹಗ್ಗ ಬಂದಿದೆ, ಅಂಗೈ ಸುಲಿದು ಉರಿಯುತ್ತದೆ. ಎಳೆಯಿರಿ! ಇನ್ನೂ! ಹುಡುಗ ಎದ್ದು ಜೊತೆಗೂಡುತ್ತಾನೆ. ಕಾಲು ನಿಲ್ಲುತ್ತದೆ.

ಲಾಳದವನು ತಲೆ ಎತ್ತುವುದೂ ಇಲ್ಲ. ಗೊರಸು ಹೆರೆದು, ಲಾಳ ಕೂರಿಸಿ, ಮೊಳೆ ಇಡುತ್ತಾನೆ. ಮೊಳೆ ಓರೆಯಾಗಿ ಹೊಕ್ಕು ಗೊರಸಿನ ಹೊರಗೋಡೆಯಲ್ಲೇ ತಲೆ ತೋರಬೇಕು. ತುಸು ಒಳಕ್ಕೆ ಸರಿದರೆ ಜೀವಂತ ಮಾಂಸ. ಎತ್ತು ಕುಂಟುತ್ತದೆ, ಒಡೆಯನ ಗಾಡಿ ನಿಲ್ಲುತ್ತದೆ. ಲಾಳದವನು ಕಣ್ಣಿಗಿಂತ ಕಿವಿಯನ್ನೇ ಹೆಚ್ಚು ನಂಬುತ್ತಾನೆ. ಗಟ್ಟಿ ಗೊರಸಿನಲ್ಲಿ ಇಳಿಯುವ ಮೊಳೆಯ ಸದ್ದೇ ಬೇರೆ, ಮೆತ್ತಗಿದ್ದಲ್ಲಿ ಬೇರೆ. ಹಗ್ಗ ಹಿಡಿದೇ ನೀವೂ ಕೇಳಿಸಿಕೊಳ್ಳುತ್ತೀರಿ. ಚಿತ್ರದಲ್ಲಿ ಇದು ಬರುವುದಿಲ್ಲ, ನಿಜ ಹೇಳಬೇಕೆಂದರೆ.

ಎಂಟೂ ಮುಗಿದ ಮೇಲೆ ಕಟ್ಟು ಬಿಚ್ಚುತ್ತಾರೆ. ಎತ್ತು ಎದ್ದು ಮೈ ಕೊಡವುತ್ತದೆ. ಲಾಳದವನು ಬೀಡಿ ಹಚ್ಚಿ, ‘ಈಗ ತಗೀರಿ’ ಎನ್ನುತ್ತಾನೆ. ಸುಲಿದ ಕೈಯಲ್ಲೇ ತೆಗೆಯುತ್ತೀರಿ. ಸಾಧಾರಣ ಚಿತ್ರ, ಆದರೆ ಅವನೇ ಕೊಟ್ಟದ್ದು.

ಮುಂದಿನ ಜಾತ್ರೆಗೆ ಕ್ಯಾಮೆರಾ ಹೊತ್ತು ಬರುವವರು ಫ್ಲ್ಯಾಶ್ ಆರಿಸಿಕೊಂಡು ಬನ್ನಿ. ಕೊಂಬಿಗೆ ಎದುರಾಗಿ ನಿಲ್ಲಬೇಡಿ. ಯಾರಾದರೂ ಕೂಗಿದರೆ ಮೊದಲು ಕೈ ಕೊಡಿ.