ಸಂಸ್ಕೃತ ಓದಿ ಏನ್ ಮಾಡ್ತಾಳ್ರಿ?

ಮಗಳು ಕಾಲೇಜಿಗೆ ಹೋಗುತ್ತಾಳೆ ಅಂದರೆ ಜನ ಸುಮ್ಮನಿರುತ್ತಾರೆ. ಸಂಸ್ಕೃತ ಓದುತ್ತಾಳೆ ಅಂದಕೂಡಲೇ ಎಲ್ಲರಿಗೂ ಮಾತು ಬರುತ್ತದೆ. ನನ್ನ ಮಗಳು ಬಿ.ಎ.ಗೆ ಸಂಸ್ಕೃತ ತಗೊಂಡಾಗ ನನ್ನ ನಾದಿನಿ, “ವೈನಿ, ಶಾಣ್ಯಾ ಹುಡುಗಿ ಐತಿ, ಕಾಮರ್ಸ್ ಕೊಡಸೋದು ಬಿಟ್ಟು ಇದೇನ್ರಿ? ನಾಳೆ ಶ್ಲೋಕ ಹೇಳಿದ್ರ ಬ್ಯಾಂಕಿನ್ಯಾಗ ಕೆಲಸ ಕೊಡ್ತಾರೇನು?” ಎಂದಳು. ನಮ್ಮವರೂ ಹೂಂಗುಟ್ಟಿದರು. ಎಸ್.ಎಸ್.ಎಲ್.ಸಿ. ಓದಿದ ನನಗೆ ಉತ್ತರ ಹೊಳೆಯಲಿಲ್ಲ. “ಆಕೀಗೆ ಮನಸೈತಿ, ಓದಲಿ” ಅಂದೆ, ಅಷ್ಟೆ.

ಖಾನಾಪುರದಿಂದ ಬೆಳಗಾವಿಗೆ ಬೆಳಗಿನ ಬಸ್ಸು. ನಾನು ಭಕ್ರಿ ಬಡಿಯುವಾಗ ಆಕೆ ಪಕ್ಕದಲ್ಲಿ ಕೂತು “ರಾಮಃ, ರಾಮೌ, ರಾಮಾಃ” ಎಂದು ಬಾಯಿಪಾಠ ಮಾಡುವಳು. ಒಬ್ಬನಿಗೆ ಒಂದು ರೂಪ, ಇಬ್ಬರಿಗೆ ಇನ್ನೊಂದು, ಹೆಚ್ಚು ಜನಕ್ಕೆ ಮತ್ತೊಂದು! “ಇಬ್ಬರಿಗಂತ ಬ್ಯಾರೆ ಯಾಕ ಬೇಕ?” ಎಂದು ಕೇಳಿದೆ. “ಹಳೇ ಗ್ರೀಕ್ ಭಾಷಾದಾಗೂ ಹಿಂಗ ಐತಿ ಅವ್ವಾ” ಎಂದಳು. ವಿಲಾಯತಿಯ ಕಾಲೇಜುಗಳಲ್ಲಿ ಗ್ರೀಕ್, ಲ್ಯಾಟಿನ್ ಓದುವ ಮಕ್ಕಳೂ ಹೀಗೆಯೇ ರೂಪಗಳನ್ನು ಉರು ಹೊಡೆಯುತ್ತಾರಂತೆ. ಅವರ ಮನೆಯವರೂ “ಏನು ಉಪಯೋಗ?” ಎಂದು ಕೇಳುತ್ತಿರಬೇಕು!

ಸಂಸ್ಕೃತದ ‘ಸಪ್ತ’ ಗ್ರೀಕಿನಲ್ಲಿ ‘ಹೆಪ್ತ’, ಲ್ಯಾಟಿನ್‌ನಲ್ಲಿ ‘ಸೆಪ್ತೆಮ್’. ನಮ್ಮ ‘ಮಾತೃ’ ಲ್ಯಾಟಿನ್‌ನಲ್ಲಿ ‘ಮಾತೆರ್’. ಈ ಮೂರೂ ಒಂದೇ ಮೂಲದಿಂದ ಬಂದಿರಬೇಕೆಂದು 1786ರಲ್ಲಿ ಕಲ್ಕತ್ತದ ನ್ಯಾಯಾಧೀಶ ವಿಲಿಯಂ ಜೋನ್ಸ್ ಹೇಳಿದರು. ನನಗೆ ನೆನಪಾದದ್ದು ಪಕ್ಕದ ಮನೆಯ ಮರಾಠಿ ಬಾಯಿ. ಆಕೆ ಹಪ್ಪಳ ಎಣಿಸುವಾಗ ‘ಸಾತ’ ಅನ್ನುವುದೂ ಅದೇ ಮನೆತನದ ಮಾತು. ನಮ್ಮ ‘ಏಳು’ ಮಾತ್ರ ಬೇರೆ ಮನೆತನದ್ದು. ಆದರೂ ಎರಡು ಮನೆಗೂ ನಡುವೆ ಒಂದೇ ಗೋಡೆ!

ಇನ್ನೊಂದು ಸಂಗತಿ ಕೇಳಿ. ಈಜಿಪ್ಟಿನ ಮರಳಿನಲ್ಲಿ ಸಿಕ್ಕ, ಎರಡನೆಯ ಶತಮಾನದ ಹಾಳೆಯೊಂದರಲ್ಲಿ ಗ್ರೀಕ್ ಪ್ರಹಸನವಿದೆ. ಭಾರತದ ಕರಾವಳಿಯಲ್ಲಿ ಸಿಕ್ಕಿಬಿದ್ದ ಖಾರಿಶನ್ ಎಂಬ ಹುಡುಗಿಯ ಕತೆ. ಅದರಲ್ಲಿ ಇಲ್ಲಿನವರು ಆಡುವ ಮಾತುಗಳು ಕನ್ನಡವೇ ಎಂದು ಹುಲ್ಟ್ಸ್, ಶಾಮಶಾಸ್ತ್ರಿ, ಮಂಜೇಶ್ವರದ ಗೋವಿಂದ ಪೈ ಮೊದಲಾದವರು ಓದಿ ತೋರಿಸಿದರು. ಎಲ್ಲ ಪಂಡಿತರೂ ಒಪ್ಪಿಲ್ಲ. ಆದರೆ ಗ್ರೀಕ್ ಬಲ್ಲವರು, ಕನ್ನಡ ಬಲ್ಲವರು ಇಬ್ಬರೂ ಇಲ್ಲದಿದ್ದರೆ ಆ ಚರ್ಚೆಯಾದರೂ ಎಲ್ಲಿ ಹುಟ್ಟುತ್ತಿತ್ತು?

ನಮ್ಮವರ ಮನಸ್ಸು ತಿರುಗಿದ್ದು ಹಲಸಿಯಲ್ಲಿ. ನಮ್ಮ ತಾಲ್ಲೂಕಿನ ಈ ಊರಿನ ಭೂವರಾಹ ನರಸಿಂಹ ಗುಡಿಗೆ ಬುತ್ತಿ ಕಟ್ಟಿಕೊಂಡು ಎಷ್ಟೋ ಸಲ ಹೋಗಿದ್ದೆವು. ಇದು ಕದಂಬರ ಕಾಲದ ಪಲಾಶಿಕಾ. ಇಲ್ಲಿ ಸಿಕ್ಕ ಐದನೆಯ ಶತಮಾನದ ತಾಮ್ರಪಟ ಸಂಸ್ಕೃತದಲ್ಲಿದೆ. ತನ್ನನ್ನು ಕಾಪಾಡಿದ ಸೇನಾಪತಿ ಶ್ರುತಕೀರ್ತಿಗೆ ಕಾಕುಸ್ಥವರ್ಮ ಹೊಲ ಕೊಟ್ಟ ದಾಖಲೆ ಅದು. ಮಗಳು ತನ್ನ ಪುಸ್ತಕದಿಂದ ಅದನ್ನು ಓದಿ ಅರ್ಥ ಹೇಳಿದಾಗ ನಮ್ಮವರು, “ಅಂದ್ರ ಇದು ಆ ಕಾಲದ ಉತಾರ ಅಲ್ಲೇನು?” ಎಂದು ಮತ್ತೆ ಮತ್ತೆ ಓದಿಸಿ ಕೇಳಿದರು.

ಮಗಳು ಎರಡನೆಯ ವರ್ಷದಲ್ಲಿದ್ದಾಗ ಒಂದು ಒಳ್ಳೆಯ ಸಂಬಂಧ ಬಂತು. ಹುಡುಗನ ಕಡೆಯವರು, “ಈ ಓದಿನಿಂದ ಏನು ಬರೂದೈತಿ? ಬಿಡಿಸಿ ಲಗ್ನಾ ಮಾಡ್ರಿ” ಎಂದರು. ಮಗಳ ಮುಖ ಸಣ್ಣದಾಯಿತು. ನಾನು ಬಾಯಿ ತೆರೆಯುವ ಮೊದಲೇ ನಮ್ಮವರು, “ಡಿಗ್ರಿ ಮುಗೀಲಿ. ಆಮ್ಯಾಲೆ ಮಾತಾಡೋಣ್ರಿ” ಎಂದು ಚಹಾದ ಕಪ್ಪು ಕೆಳಗಿಟ್ಟರು. ಆ ಸಂಬಂಧ ಮುಂದುವರಿಯಲಿಲ್ಲ. ಅತ್ತೆಯವರಿಗೆ ಬೇಸರವಾಯಿತು, ನಿಜ. ನನಗೂ ರಾತ್ರಿ ನಿದ್ದೆ ಬರಲಿಲ್ಲ.

ಈಗ ಆಕೆ ಕೊನೆಯ ವರ್ಷದಲ್ಲಿದ್ದಾಳೆ. ಮುಂದೆ ಬಿ.ಎಡ್. ಮಾಡಿ ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸಬೇಕೆಂದಿದ್ದಾಳೆ. ಕೆಲಸ ಬೇಗ ಸಿಗುತ್ತದೆಂದು ನಾನು ಯಾರಿಗೂ ಹೇಳಲಾರೆ. ಕಾಮರ್ಸ್ ಓದಿದವರೂ ಕಾಯುತ್ತಲೇ ಇದ್ದಾರಲ್ಲ! ಸೋದರಿಯರೇ, ನಿಮ್ಮ ಮಗಳು ಇಂಥ ವಿಷಯ ಕೇಳಿದರೆ ಬೇಡ ಅನ್ನುವ ಮೊದಲು ಒಂದು ದಿನ ಆಕೆಯ ಪುಸ್ತಕ ಓದಿಸಿ ಕೇಳಿ. ಕೈಯಲ್ಲಿ ಹಿಟ್ಟಿದ್ದರೂ ಕಿವಿ ಖಾಲಿ ಇರುತ್ತದಲ್ಲ!